ಗಾಜಿನವನ ಲೆಕ್ಕ

ಸೆನೆಗಲ್ ನದಿಯ ಸೇತುವೆ ಬುಡದಲ್ಲಿ ನನ್ನದು ಗಾಜಿನಂಗಡಿ.
ಕೆಡವಿದ ಮನೆಗಳ ಕಿಟಕಿ ತಂದು
ಅಳತೆಗೆ ಕೊಯ್ದು ಮಾರುತ್ತೇನೆ.
ಈ ಊರಲ್ಲಿ ಗಾಜಿಗೆ ಗಿರಾಕಿಗಳು ಎರಡೇ ಥರ:
ಚೆಂಡಾಡುವ ಹುಡುಗರ ಅಪ್ಪಂದಿರು,
ಚಿತ್ರ ಬರೆಯುವವರು.

ಸೊಖ್ನಾ ಬರುತ್ತಿದ್ದದ್ದು ಸೋಮವಾರ.
ಆರು ಗಾಜು, ಅಂಗೈಗಿಂತ ತುಸು ದೊಡ್ಡವು,
ಅರ್ಧ ದುಡ್ಡು ಕೈಗೆ, ಅರ್ಧ ನನ್ನ ಪುಸ್ತಕಕ್ಕೆ.
ಮಾಸಾಂಬಾ ಮುದುಕನ ಹತ್ತಿರ ಕಲಿಯುತ್ತಿದ್ದಾಳೆ
ಅಂತ ಊರು ಹೇಳುತ್ತಿತ್ತು;
ನನಗೆ ಕಂಡದ್ದು ಅವಳು ಗಾಜು ತೊಳೆಯುವುದು.
ಸೋಪಿನ ನೀರು, ಹಳೇ ಪತ್ರಿಕೆ, ಆಮೇಲೆ ಉಸಿರು ಊದಿ
ಬೆರಳ ಗುರುತು ಹುಡುಕುವುದು.

ಗಾಜಿನ ಬೆನ್ನಿಗೆ ಬರೆಯುವ ಪದ್ಧತಿ ನಿಮಗೆ ಗೊತ್ತಿರಲಿಕ್ಕಿಲ್ಲ.
ಎಲ್ಲಾ ಉಲ್ಟಾ.
ಕಣ್ಣಿನ ಪಾಪೆ ಮೊದಲು, ಮುಖ ಆಮೇಲೆ.
ಓಲೆ ಮೊದಲು, ಕಿವಿ ಆಮೇಲೆ.
ಆಕಾಶ ಎಲ್ಲಕ್ಕಿಂತ ಕೊನೆಗೆ.
ಸಹಿಯನ್ನಂತೂ ಮೊಟ್ಟಮೊದಲು, ಅದೂ ತಿರುಗಾಮುರುಗಾ,
ಇನ್ನೂ ಏನೂ ಇಲ್ಲದ ಗಾಜಿನ ಮೇಲೆ
ಇದು ನಾನು ಮಾಡಿದ್ದು ಅಂತ.
ಬಣ್ಣದ ಮೇಲೆ ಬಣ್ಣ ಬಿದ್ದ ಮೇಲೆ ತಿದ್ದುವ ಹಾಗಿಲ್ಲ,
ಪೂರ್ತಿ ಒರೆಸಬೇಕು, ಇಲ್ಲಾ ಒಪ್ಪಿಕೊಳ್ಳಬೇಕು.

ಹತ್ತು ತಿಂಗಳು ಮುದುಕ ಅವಳಿಗೆ ಬಣ್ಣ ಮುಟ್ಟಗೊಡಲಿಲ್ಲ.
ಬರೇ ಕಪ್ಪು ಮಸಿ, ಬರೇ ಗೆರೆ,
ಅದೇ ಒಂದು ಕುದುರೆ,
ಬಾಲದಿಂದ ಮೂಗಿನವರೆಗೆ ಕೈ ಎತ್ತದೆ.
ಎತ್ತಿದರೆ, ಒರೆಸು.
ಜೊತೆಗೆ ಸೇರಿದ್ದ ಬಿರಾಮ್ ಮೂರೇ ತಿಂಗಳಿಗೆ ಬಿಟ್ಟ.
ಕಾಲಿಗೆ ಹಗ್ಗ ಕಟ್ಟಿ ಓಡು ಅಂದರೆ ಯಾವ ಕುದುರೆ ಓಡೀತು ಅಂದ,
ಬಸ್ಸುಗಳಿಗೆ ಹದ್ದು ಬರೆಯಲು ಹೋದ.
ಚೆನ್ನಾಗಿಯೇ ಬರೆಯುತ್ತಾನೆ. ಸುಳ್ಳು ಯಾಕೆ ಹೇಳಲಿ,
ಅವನ ಹದ್ದಿರುವ ಬಸ್ಸಿನಲ್ಲೇ ನಾನು ಡಾಕಾರಿಗೆ ಹೋಗಿಬರುವುದು.

ಬೇಸರವಾಗಲ್ಲವೇನೇ ಹುಡುಗಿ, ಅಂತ ಒಮ್ಮೆ ಕೇಳಿದೆ.
ಅವಳು ನನ್ನ ಗಾಜು ಕೊಯ್ಯುವ ಮೊನೆ ನೋಡುತ್ತಿದ್ದಳು.
ಕೈ ಪಳಗುವ ಮುಂಚೆ ನೀವೆಷ್ಟು ಒಡೆದಿರಿ?
ಪುಸ್ತಕ ತೆಗೆದು ಹೇಳಬಹುದಿತ್ತು. ತೆಗೆಯಲಿಲ್ಲ.
ಗೀರದೆ ಮುರಿದರೆ ಗಾಜು ಮನಸ್ಸಿಗೆ ಬಂದ ಕಡೆ ಹೋಗುತ್ತದೆ,
ಹೆಚ್ಚಾಗಿ ನನ್ನ ಹೆಬ್ಬೆರಳಿನ ಕಡೆ.

ಮರಳುಗಾಳಿಯ ತಿಂಗಳಲ್ಲಿ ಅವಳು ಬರಲಿಲ್ಲ.
ನಾಲ್ಕು ಸೋಮವಾರ.
ಇವಳೂ ಬಿಟ್ಟಳು ಅಂದುಕೊಂಡು
ಬಾಕಿಯ ಕೆಳಗೆ ಗೆರೆ ಎಳೆದೆ.
ನನ್ನ ಗೆರೆ ಸೊಟ್ಟ.

ಐದನೆಯ ಸೋಮವಾರ ಬಂದಳು, ಬಟ್ಟೆಯಲ್ಲಿ ಸುತ್ತಿದ ಒಂದು ಗಾಜು.
ಬಾಕಿಗೆ ಸಮವಾಗುತ್ತಾ ನೋಡಿ.
ಹೊಸದಕ್ಕೆ ದುಡ್ಡಿರಲಿಲ್ಲ,
ಇದೊಂದನ್ನೇ ಒರೆಸಿ ಬರೆದೆ, ಒರೆಸಿ ಬರೆದೆ.

ಬಿಚ್ಚಿದೆ. ಬೆಸ್ತರ ಓಣಿ, ದೋಣಿಗಳ ಹಳದಿ ಮೂತಿ,
ಮೀನಿನ ಬೋಗುಣಿ ಹೊತ್ತ ಹೆಂಗಸರು,
ಒಂದೊಂದು ಗೆರೆಯೂ ಒಂದೊಂದು ಉಸಿರು.
ಕುದುರೆ ಮಾತ್ರ ಎಲ್ಲಿಯೂ ಇಲ್ಲ.
ಬೆಳಕಿಗೆ ಹಿಡಿದಾಗ ಸಿಕ್ಕಿತು:
ನಟ್ಟನಡುವೆ ಕುದುರೆಯಷ್ಟು ಬರಿದು,
ಮಸಿಯಿಲ್ಲ, ಬಣ್ಣವಿಲ್ಲ, ಓಡುತ್ತಿರುವ ಬರಿಯ ಗಾಜು.
ಇಡೀ ಓಣಿ ಅದರ ಅಂಚಿಗೆ ಬಂದು ನಿಂತಿದೆ
ಒಂದು ಕೂದಲೂ ಒಳಗೆ ಚಾಚದೆ.

ಮುದುಕ ಏನಂದ?
ತುಂಬಾ ಹೊತ್ತು ಚಹಾ ಕಾಯಿಸಿದರು.
ಆಮೇಲೆ, ಸಹಿ ಎಲ್ಲಿ, ಅಂದರು.
ಎಲ್ಲಿ?
ಮರೆತೆ, ಅಂದಳು. ಈಗ ಜಾಗವಿರುವುದು ಕುದುರೆಯೊಳಗೆ ಮಾತ್ರ.
ಹಾಕುವುದಿಲ್ಲ.

ಅವಳ ಹೆಸರಿನ ಮುಂದಿದ್ದ ಅಂಕೆಗಳನ್ನೆಲ್ಲ ಹೊಡೆದುಹಾಕಿದೆ.

ಈಗ ಅದು ನನ್ನ ಬಾಗಿಲಲ್ಲಿ ತೂಗುತ್ತದೆ.
ಬೆಳಿಗ್ಗೆ ಕುದುರೆಗೆ ನದಿಯ ಬಣ್ಣ, ಮಧ್ಯಾಹ್ನ ಧೂಳಿನದು.
ಆರು ಗಂಟೆಗೆ ಬಿರಾಮನ ಹದ್ದು
ಅದರ ಹೊಟ್ಟೆಯೊಳಗೆ ಹಾದು ಸೇತುವೆ ಹತ್ತುತ್ತದೆ.
ಬೆಲೆ ಕೇಳುತ್ತಾರೆ. ಮಾರುವುದಲ್ಲ ಅನ್ನುತ್ತೇನೆ.
ದಿನಾ ತೊಳೆಯುತ್ತೇನೆ:
ಸೋಪಿನ ನೀರು, ಹಳೇ ಪತ್ರಿಕೆ, ಆಮೇಲೆ ಉಸಿರು.
ಈಚೆ ಬದಿ ಮಾತ್ರ.
ಆಚೆಯದು ಅವಳದ್ದು.